ಚಿಲಕವಿಲ್ಲದ ಬಾಗಿಲು

ಬಚ್ಚಲಿಗೆ ಎಂಥ ಬಾಗಿಲು ಹಾಕಿಸಬೇಕು ಎಂದು ಆ ಮನೆಯಲ್ಲಿ ಎಲ್ಲರೂ ಮಾತಾಡಿದರು. ಮಗ ಮಾತಾಡಿದ, ಸೊಸೆ ಮಾತಾಡಿದಳು, ಅಳತೆ ತೆಗೆಯಲು ಬಂದ ಬಡಗಿ ಮಾತಾಡಿದ, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳು ಕೂಡ ಸೊಂಟದ ಮೇಲೆ ಕೈಯಿಟ್ಟು ನಿಂತು ತನ್ನದೊಂದು ಮಾತು ಸೇರಿಸಿ ಹೋದಳು. ಒಳಗೆ ಹೋಗಿ ಬಟ್ಟೆ ಬಿಚ್ಚಬೇಕಾದವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಆಕೆಯನ್ನು ಬೀದಿಯವರೆಲ್ಲ ಆಯಮ್ಮ ಎನ್ನುತ್ತಾರೆ. ಹೆರಿಗೆ ಆಸ್ಪತ್ರೆಗೆ ಆಯಾ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಎಷ್ಟು ಹೆಂಗಸರ ಮೈ ಒರೆಸಿದ್ದಾಳೋ, ಎಷ್ಟು ಬೆಡ್‌ಪ್ಯಾನ್ ತೊಳೆದಿದ್ದಾಳೋ ಲೆಕ್ಕವಿಲ್ಲ. ಪರದೆ ಸರಿಸುವ ಮೊದಲು “ಬರ್ಲಾ ತಾಯಿ?” ಎಂದು ಕೇಳಿಯೇ ಕೈ ಹಾಕುತ್ತಿದ್ದಳು. “ಬಟ್ಟೆ ಪರದೆಗೂ ಅಪ್ಪಣೆ ಬೇಕಾ?” ಎಂದು ನರ್ಸುಗಳು ನಗುತ್ತಿದ್ದರು. ನಗಲಿ ಬಿಡಿ. ಮಲಗಿದವರಿಗೆ ಮಾನ ಇಲ್ಲವೇ?

ಅಂಥವಳು ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಳು. ಬಿದ್ದದ್ದೂ ಎಲ್ಲಿ? ಸರಿಯಾಗಿ ಬಾಗಿಲಿಗೆ ಅಡ್ಡಲಾಗಿ. ಅದೋ, ಒಳಕ್ಕೆ ತೆರೆಯುವ ಬಾಗಿಲು. ಮಗ ಹೊರಗಿನಿಂದ ತಳ್ಳಿದ ರಭಸಕ್ಕೆ ಚಿಲಕ ಕಿತ್ತು ಬಂತೇ ಹೊರತು ಬಾಗಿಲು ಪೂರ್ತಿ ತೆರೆಯಲಿಲ್ಲ. ಕೊನೆಗೆ ಸಣಕಲು ಮೈಯ ಸೊಸೆ ಇದ್ದ ಸಂದಿಯಲ್ಲೇ ತೂರಿ ಒಳಗೆ ಹೋಗಿ ಅತ್ತೆಯನ್ನು ಪಕ್ಕಕ್ಕೆ ಎಳೆದಳು. ಆಯಮ್ಮನ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಇರುವವರೆಗೆ ಸೊಸೆಯೇ ಸ್ನಾನ ಮಾಡಿಸಿದಳು. ಆಯಮ್ಮ ತುಟಿ ಪಿಟಕ್ಕೆನ್ನದೆ ಮಾಡಿಸಿಕೊಂಡಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಶುರುವಾಯಿತು ನೋಡಿ ಕಾಟ. ಚಿಲಕವಿದ್ದ ಕಡೆ ಈಗ ಬರೀ ತೂತು. ಆಯಮ್ಮ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟುಕೊಂಡು ಸ್ನಾನಕ್ಕೆ ಕೂತರೆ, ಎರಡು ಮಗ್ ನೀರು ಮೈಮೇಲೆ ಬೀಳುವಷ್ಟರಲ್ಲಿ ಬಕೆಟ್ ಸಮೇತ ಬಾಗಿಲು ಸರಿಯುತ್ತಿತ್ತು.

“ಅಮ್ಮಾ, ಸರಿಯಾಗಿದ್ದೀಯಾ?”

“ಸತ್ತಿಲ್ಲ ಕಣೋ! ಬಾಗಿಲು ಹಾಕು!”

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಈ ಮಗನ ತಲೆಗೆ ಯಾರೋ ಹೊಸ ಹುಳ ಬಿಟ್ಟರು. ಗೋಡೆಯ ಮೇಲೊಂದು ಕಬ್ಬಿಣದ ಕಂಬಿ, ಕಂಬಿಯ ಮೇಲೆ ಗಾಲಿ, ಗಾಲಿಯಿಂದ ನೇತಾಡುವ ಬಾಗಿಲು. ಗೋಡೆಗುಂಟ ಪಕ್ಕಕ್ಕೆ ಸರಿಸಿದರಾಯಿತು. ಫೋನಿನಲ್ಲಿ ಅದರ ಚಿತ್ರ ಹಿಡಿದುಕೊಂಡು ಬಂದ.

“ಬಾರ್ನ್ ಡೋರ್ ಅಂತಾರಮ್ಮ ಇದಕ್ಕೆ.”

“ಬಾರ್ ಡೋರಾ? ನಾನು ಒಳಗೆ ಹೋಗೋದು ಸ್ನಾನಕ್ಕೆ ಕಣೋ, ಕುಡಿಯೋಕಲ್ಲ!”

“ಬಾರ್ ಅಲ್ಲಮ್ಮ, ಬಾರ್ನ್. ಅಂದ್ರೆ ಕೊಟ್ಟಿಗೆ.”

“ಓಹೋ, ಸರಿಹೋಯ್ತು! ನನ್ನನ್ನ ಕೊಟ್ಟಿಗೇಲಿ ಕಟ್ಟೋದೊಂದು ಬಾಕಿ ಇತ್ತು.”

ಸೊಸೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಮಗ ಮಾತ್ರ ಜಗ್ಗಲಿಲ್ಲ, ಮರುದಿನವೇ ಬಡಗಿಯನ್ನು ಕರೆಸಿದ. ಬಡಗಿ ಟೇಪು ಹಿಡಿದು ಗೋಡೆ ಅಳೆಯುವಾಗ ಆಯಮ್ಮ ಬೆನ್ನ ಹಿಂದೆಯೇ ನಿಂತಿದ್ದಳು.

“ಇದಕ್ಕೆ ಚಿಲಕ ಎಲ್ಲಿ ಬರುತ್ತಪ್ಪಾ?”

“ಚಿಲಕ ಅಷ್ಟು ಗಟ್ಟಿಯಾಗಿ ಕೂರಲ್ಲಮ್ಮ. ಬಾಗಿಲು ಗೋಡೆಗೆ ಅಂಟಿಕೊಳ್ಳಲ್ವಲ್ಲ, ಒಂದು ಬೆರಳು ಈಚೆಗೇ ನೇತಾಡ್ತಿರುತ್ತೆ. ಸಂದೀಲಿ ಸ್ವಲ್ಪ ಗಾಳಿ ಆಡುತ್ತೆ, ಅಷ್ಟೆ.”

“ಗಾಳಿ ಒಂದೇನಾ ಆಡೋದು?”

ಬಡಗಿ ಮಗನ ಮುಖ ನೋಡಿದ. ಮಗ ಗೋಡೆ ನೋಡಿದ. ಬಚ್ಚಲ ಬಾಗಿಲಿನ ಎದುರಿಗೇ ನಡುಮನೆ; ಟೀವಿ ಅಲ್ಲಿ, ಊಟದ ಮೇಜು ಅಲ್ಲಿ, ಬಂದ ನೆಂಟರು ಕೂರುವುದೂ ಅಲ್ಲಿಯೇ. ಇಷ್ಟು ಕಣ್ಣಿಗೆ ಕಾಣುತ್ತಿದ್ದರೂ ಹಟಮಾರಿ ಮಗ, “ಸುಮ್ನೆ ಏನೇನೋ ಅನ್ಬೇಡಮ್ಮ, ನಿನ್ನ ಒಳ್ಳೇದಕ್ಕೇ ಮಾಡ್ತಿರೋದು” ಎಂದ. ಈ ಒಳ್ಳೆಯದು ಎಂಬ ಮಾತು ಕೇಳಿದರೆ ಆಯಮ್ಮನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಸೊಸೆಯ ತಂಗಿ ತನ್ನ ಹೊಸ ಮನೆಯ ಬಚ್ಚಲಿಗೆ ಅಂಥದೇ ಬಾಗಿಲು ಹಾಕಿಸಿದ್ದಳು. ನೋಡಿದರೆ ಅಮ್ಮ ಒಪ್ಪಬಹುದು ಎಂದುಕೊಂಡು ಮಗ ಭಾನುವಾರ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಬಾಗಿಲೇನೋ ಚೆನ್ನಾಗಿತ್ತು. ಒಂದು ಬೆರಳು ತಾಗಿಸಿದರೆ ಸಾಕು, ಸರ್ರನೆ ಸರಿಯುತ್ತಿತ್ತು. ಮಗ ಅಂಗಡಿಯವನಂತೆ ಮೂರು ಸಲ ಸರಿಸಿ ತೋರಿಸಿದ. ಆಯಮ್ಮ ಟೀ ಲೋಟ ಕೆಳಗಿಟ್ಟಳು.

“ಚೆನ್ನಾಗಿದೆ. ಈಗ ಒಳಗೆ ಹೋಗಿ ಒಂದಕ್ಕೆ ಮಾಡಿ ಬಾ.”

“ಅಮ್ಮಾ!”

“ನಾನು ದಿನಾ ಹೋಗ್ಬೇಕಾದ ಕಡೆ ನೀನು ಒಂದು ಸಲ ಹೋಗೋಕೆ ಏನು ಧಾಡಿ? ಹೋಗು.”

ಹೋದ. ಬಾಗಿಲು ಮುಚ್ಚಿತು. ನಡುಮನೆಯಲ್ಲಿ ಕೂತವರಿಗೆ ಮೊದಲು ಕೆಮ್ಮು ಕೇಳಿಸಿತು. ಆಮೇಲೆ, ಪಾಪ, ಸದ್ದು ಮುಚ್ಚಿಹೋಗಲೆಂದು ಅವನು ನಲ್ಲಿ ತಿರುಗಿಸಿದ್ದು ಕೇಳಿಸಿತು.

“ನಲ್ಲಿ ನಿಲ್ಸೋ!” ಎಂದಳು ಆಯಮ್ಮ ಕೂತಲ್ಲಿಂದಲೇ.

ನಲ್ಲಿ ನಿಂತಿತು. ಆಮೇಲೆ ಕೇಳಬೇಕಾದದ್ದೆಲ್ಲ ಕೇಳಿಸಿತು. ತಂಗಿಯ ಗಂಡ ಚಾವಣಿ ನೋಡತೊಡಗಿದ. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಗ ಹೊರಗೆ ಬಂದಾಗ ಅವನ ಕಿವಿ ಕೆಂಪಗಾಗಿತ್ತು.

“ಹಾಕ್ಸೋಣ್ವಾ?” ಎಂದಳು ಆಯಮ್ಮ.

ಅವನು ನಗಲಿಲ್ಲ. ಅಲ್ಲೇ ನಿಂತುಕೊಂಡು, ಬೇರೆಯವರ ಮನೆ ಎನ್ನುವುದನ್ನೂ ಮರೆತು ಕಿರುಚಿದ. “ನಿಂಗೆ ತಮಾಷೆ! ಅವತ್ತು ನಾನು ತಳ್ಳಿದ್ದು ಬಾಗಿಲನ್ನಲ್ಲಮ್ಮ, ನಿನ್ನನ್ನ. ತಳ್ಳಿದಾಗೆಲ್ಲ ನೀನು ಅಯ್ಯೋ ಅಂತಿದ್ದೆ. ತಳ್ಳೋದು ನಿಲ್ಸಿದ್ರೆ ಸದ್ದೇ ಇರ್ತಿರ್ಲಿಲ್ಲ. ಹೋಗ್ಬಿಟ್ಯೇನೋ ಅಂತ ಹೆದ್ರಿ ಮತ್ತೆ ತಳ್ತಿದ್ದೆ. ಮತ್ತೆ ಅಯ್ಯೋ ಅಂತಿದ್ದೆ. ಆ ಬಾಗಿಲನ್ನ ಇನ್ನೊಂದು ಸಲ ತಳ್ಳೋಕೆ ನನ್ನಿಂದಾಗಲ್ಲ. ಏನ್ ಬೇಕಾದ್ರೂ ಅನ್ನು.”

ಆಯಮ್ಮನಿಗೆ ಇದೊಂದೂ ನೆನಪಿರಲಿಲ್ಲ. ಬಿದ್ದದ್ದು ನೆನಪಿತ್ತು, ಸೊಸೆಯ ಕೈ ನೆನಪಿತ್ತು, ನಡುವಿನದು ಇಲ್ಲ. ಇಷ್ಟು ದಿನ ತಾನು ಬೈದದ್ದು ಹೆದರಿದವನನ್ನು ಎಂದು ಅವಳಿಗೆ ಈಗ ತಿಳಿಯಿತು. ಆದರೂ ಬಾಯಿ ಹಳೆಯ ದಾರಿಯನ್ನೇ ಹಿಡಿಯಿತು.

“ಹೊರಕ್ಕೆ ತೆಗೆಯೋ ಬಾಗಿಲು ಹಾಕ್ಸು. ತಳ್ಳೋದೇ ಬೇಡ, ಎಳೆದ್ರೆ ಸಾಕು. ನಮ್ಮ ಆಸ್ಪತ್ರೇಲಿ ಹಾಗೇ ಇದ್ದಿದ್ದು. ಚಿಲಕ ಹೊರಗಿಂದಲೂ ಎತ್ತೋ ಹಾಗಿರ್ಲಿ. ಆದ್ರೆ ನಾನು ಬಿದ್ದಾಗ ಮಾತ್ರ ಎತ್ಬೇಕು. ನಿಂತಿರೋವಾಗ ಮುಟ್ಟಿದ್ರೆ ನೋಡು, ಕೈ ಮುರೀತೀನಿ.”

“ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?”

“ಕೇಳಿದ್ರಾ?”

ಬಡಗಿ ಬಂದು ಹಳೆಯ ಬಾಗಿಲನ್ನೇ ತಿರುಗಿಸಿ, ಹೊರಕ್ಕೆ ತೆರೆಯುವಂತೆ ಕೂರಿಸಿ, ಚಿಲಕ ಹಾಕಿ ಹೋದ. ಮರುದಿನ ಬೆಳಿಗ್ಗೆ ಆಯಮ್ಮ ಒಳಗೆ ಹೋಗಿ ಟಕ್ಕನೆ ಚಿಲಕ ಹಾಕಿದಳು. ಬಟ್ಟೆ ಬಿಚ್ಚಿ ಸ್ಟೂಲಿನ ಮೇಲೆ ಕೂತಳು. ಯಾರೂ ಬಾಗಿಲು ಬಡಿಯಲಿಲ್ಲ, ಯಾರೂ ಕೂಗಲಿಲ್ಲ. ಬಹಳ ದಿನಗಳ ಮೇಲೆ ಸಿಕ್ಕ ನೆಮ್ಮದಿ. ಬಿಸಿನೀರನ್ನು ಸದ್ದಿಲ್ಲದೆ, ನಿಧಾನವಾಗಿ ಹೆಗಲ ಮೇಲೆ ಸುರಿದುಕೊಂಡಳು.

ಆಗ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಕಂಡಿತು. ಅಮ್ಮ ಹೇಳಿದಂತೆ ಮಗ ಚಿಲಕ ಮುಟ್ಟಿರಲಿಲ್ಲ, ಬಾಯಿ ಕೂಡ ಬಿಟ್ಟಿರಲಿಲ್ಲ. ಅಂಗಡಿಗೆ ಹೊತ್ತಾಗುತ್ತಿದ್ದರೂ ಸುಮ್ಮನೆ ನಿಂತಿದ್ದ, ಅಷ್ಟೇ. ಥೂ, ಇವನ! ಆಯಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈಯಲು ಬಾಯಿ ತೆರೆದವಳು, ಒಳಗಿನಿಂದ ಒಂದು ಸದ್ದೂ ಅವನಿಗೆ ಕೇಳಿಸುತ್ತಿಲ್ಲ ಎನ್ನುವುದು ಹೊಳೆದು ತಡೆದುಕೊಂಡಳು.

ಮಗ್ ಎತ್ತಿ ಬಕೆಟ್ಟಿಗೆ ಢಣ್ ಎಂದು ಬಡಿದಳು. ನೀರನ್ನು ದಬದಬನೆ ಸುರಿದುಕೊಂಡಳು. “ಯಾರಪ್ಪಾ ನೀರು ಇಷ್ಟು ಕಾಯಿಸಿದ್ದು? ನನ್ನನ್ನ ಬೇಯಿಸೋಕಾ?” ಎಂದು ಗಟ್ಟಿಯಾಗಿ ಶುರುಮಾಡಿ ಸೋಪನ್ನು ಬೈದಳು, ಬಡಗಿಯನ್ನು ಬೈದಳು, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗದವರನ್ನೂ ಬೈದಳು. ನೆರಳು ಅಲ್ಲಿಂದ ಸರಿಯುವವರೆಗೂ ನಿಲ್ಲಿಸಲಿಲ್ಲ.