ಮಾವನಿಗೆ ಬರೆದ ಸರ್ಕಾರಿ ಉತ್ತರ

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದವಳೇ ಆರು ಪತ್ರಿಕೆ ಹರಡಿಕೊಂಡು, ಇಲಾಖೆಯ ಬಗ್ಗೆ ಎಲ್ಲಿ ಏನು ಬಂದಿದ್ದರೂ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಸಾಹೇಬರ ಮೇಜಿಗೆ ಕಳಿಸುವುದು ಅವಳ ಕೆಲಸ. ದೂರಿದ್ದರೆ ಏಳು ದಿನದೊಳಗೆ ಉತ್ತರ ಹೋಗಬೇಕೆಂದು ಸುತ್ತೋಲೆ ಇತ್ತು. ದೂರು ಸರಿಹೋಗಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹನ್ನೊಂದು ವರ್ಷದಲ್ಲಿ 'ಪರಿಶೀಲಿಸಲಾಗುತ್ತಿದೆ', 'ಗಮನಕ್ಕೆ ತೆಗೆದುಕೊಳ್ಳಲಾಗಿದೆ' ಎಂಬ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು.

ಒಂದು ಸೋಮವಾರ ಓದುಗರ ಪತ್ರಗಳ ಅಂಕಣದಲ್ಲಿ ಒಂದು ದೂರು ಕಂಡಿತು. ನೀರಿನ ಬಿಲ್ಲು ಕಟ್ಟುವ ಕೌಂಟರಿನ ಮುಂದೆ ವಯಸ್ಸಾದವರಿಗೆ ಕೂರಲು ಒಂದು ಬೆಂಚೂ ಇಲ್ಲ, ಮಂಡಿನೋವಿನವರು ಕಾಲು ಬದಲಿಸುತ್ತ ನಿಲ್ಲಬೇಕು ಎಂದಿತ್ತು. ಕೆಳಗಿದ್ದ ಹೆಸರು ಅವಳ ಮಾವನದು. ಅಂಚೆ ಹಂಚಿ ನಿವೃತ್ತರಾದವರು. ವಿಳಾಸ ಅವಳ ಮನೆಯದೇ.

ಕತ್ತರಿ ಹಿಡಿದ ಕೈ ಒಂದು ಗಳಿಗೆ ತಡೆಯಿತು. ಬಿಟ್ಟುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಕತ್ತರಿಸಿದಳು, ಅಂಟಿಸಿದಳು. ಗುರುವಾರ ಎಂದಿನಂತೆ ಉತ್ತರದ ಕರಡು ಬರೆದಳು. ಸಾಹೇಬರು ಓದದೆ ಸಹಿ ಹಾಕಿದರು.

ಶನಿವಾರ ಕಾಗದ ಮನೆಗೆ ಬಂತು. ಊಟಕ್ಕೆ ಕೂತಾಗ ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ನೋಡಮ್ಮ, ಒಂದಕ್ಷರ ತಪ್ಪಿಲ್ಲ. ನಿಮ್ಮ ಆಫೀಸಲ್ಲಿ ಚೆನ್ನಾಗಿ ಬರೆಯೋರು ಇದ್ದಾರೆ."

"ನನಗೇ ಹೇಳಬಹುದಿತ್ತಲ್ಲ ಮಾವ?"

"ನಿನಗೆ ಹೇಳಿದ್ರೆ ಮನೆ ಮಾತಾಗುತ್ತೆ. ಪೇಪರಲ್ಲಿ ಬಂದ್ರೆ ಫೈಲಾಗುತ್ತೆ." ಕಾಗದ ಮಡಿಸುತ್ತ ಕೇಳಿದರು, "ಗಮನಕ್ಕೆ ತಗೊಂಡಿದ್ದಾರಲ್ಲ, ಬೆಂಚು ಯಾವಾಗ ಬರುತ್ತೆ?"

ತಾನು ಬರೆದ ಉತ್ತರವನ್ನು ಒಬ್ಬರು ನಂಬಿದ್ದನ್ನು ಅವಳು ಕಂಡದ್ದು ಅದೇ ಮೊದಲು. "ಬರುತ್ತೆ ಮಾವ" ಎಂದಳು.

ಸೋಮವಾರ ಅಟೆಂಡರನ ಜೊತೆ ದಾಖಲೆ ಕೋಣೆಗೆ ಹೋದಳು. ಅಲ್ಲಿ ಹಳೆಯ ಕಡತಗಳನ್ನು ಹೊತ್ತು ಒಂದು ಮರದ ಬೆಂಚು ಧೂಳು ತಿನ್ನುತ್ತಿತ್ತು. ಕಡತ ಇಳಿಸಿ, ಒರೆಸಿ, ಇಬ್ಬರೂ ಆ ಕಡೆ ಈ ಕಡೆ ಹಿಡಿದು ತಂದು ಕೌಂಟರಿನ ಮುಂದಿಟ್ಟರು. ಮಧ್ಯಾಹ್ನ ಸಾಹೇಬರಿಂದ ಕರೆ ಬಂತು.

"ಆರ್ಡರ್ ಇಲ್ಲದೆ ಸಾಮಾನು ಕದಲಿಸಬಾರದು ಅಂತ ಗೊತ್ತಿಲ್ವಾ?"

"ಗೊತ್ತು ಸಾರ್. ಬೆಂಚಿನ ವಿಷಯ ಗಮನಕ್ಕೆ ತಗೊಂಡಿದೀವಿ ಅಂತ ನೀವೇ ಸಹಿ ಹಾಕಿದೀರ."

ಸಾಹೇಬರು ಕಡತ ತರಿಸಿ ಓದಿದರು. "ಬೆಂಚು ವಾಪಸ್ ಇಟ್ಟುಬಿಡಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ತಲೆ ಕೆರೆದುಕೊಂಡ. "ಅದಕ್ಕೂ ಆರ್ಡರ್ ಬೇಕಲ್ವಾ ಸಾರ್?"

ಆ ಆರ್ಡರ್ ಯಾರೂ ಹೊರಡಿಸಲಿಲ್ಲ. ಬೆಂಚು ಅಲ್ಲೇ ಉಳಿಯಿತು.

ಮುಂದಿನ ತಿಂಗಳು ಮಾವ ಬಿಲ್ಲು ಕಟ್ಟಿ ಬಂದರು. ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದರಂತೆ.

"ಹೇಗಿದೆ ಮಾವ?"

"ಒಂದು ಕಾಲು ಗಿಡ್ಡ. ಅಲುಗಾಡುತ್ತೆ."

ಮರುದಿನ ಅವಳು ಕಚೇರಿಗೆ ತುಸು ಬೇಗ ಹೋಗಿ, ರಟ್ಟಿನ ಚೂರೊಂದನ್ನು ಮಡಿಸಿ ಬೆಂಚಿನ ಕಾಲಿನ ಕೆಳಗೆ ಇಟ್ಟಳು.