ಕವಲಿನಲ್ಲಿ ನಿಲ್ಲಬೇಕಾದವನು

ಗೋಳಿಬಜೆ ನನಗೆ ಆಗುವುದಿಲ್ಲವೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಎದೆಯುರಿ ಎಂದು ಹೆಂಡತಿ ನೆಂಟರಿಷ್ಟರಿಗೆಲ್ಲ ಹೇಳಿ ಹೇಳಿ, ಈಗ ನನಗೂ ಅದು ನಿಜವಿರಬಹುದು ಅನಿಸತೊಡಗಿದೆ. ನಿಮಗೆ ಮಾತ್ರ ಹೇಳುತ್ತೇನೆ, ನನ್ನ ಹೊಟ್ಟೆ ಕಲ್ಲು ತಿಂದರೂ ಕರಗಿಸುತ್ತದೆ. ಮೊನ್ನೆ ಮೆಲ್ಕಾರಿನ ಹೋಟೆಲೊಂದರಲ್ಲಿ ಹಳೆಯ ಗೆಳೆಯ ಜಗನ್ನಾಥ ಒಂದು ಪ್ಲೇಟು ಗೋಳಿಬಜೆ ತರಿಸಿ ನನ್ನ ಕಡೆ ತಳ್ಳಿದ. ಬಿಸಿ ಎಣ್ಣೆಯ, ಶುಂಠಿಯ, ಕರಿಬೇವಿನ ಆ ಪರಿಮಳಕ್ಕೆ ಹೊರಗಿನ ಮಳೆಯ ವಾಸನೆಯೂ ಸೇರಿ, ನಾನು ನಲವತ್ತು ವರ್ಷಗಳಿಗಿಂತಲೂ ಹಿಂದಿನ ಒಂದು ಕವಲುದಾರಿಗೆ ಹೋಗಿ ನಿಂತೆ. ನಿಂತೆ ಎನ್ನುವುದು ತಪ್ಪು. ಅಲ್ಲಿ ನಾನು ನಿಲ್ಲಲಿಲ್ಲ, ತೊಂದರೆಯೆಲ್ಲ ಅದೇ.

ಅರವತ್ತರ ದಶಕ ಆಗಷ್ಟೇ ಹುಟ್ಟಿತ್ತು. ಬಂಟ್ವಾಳದಲ್ಲಿ ಮೋಟಾರ್ ಸೈಕಲ್ ಇದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು, ಅದರಲ್ಲಿ ನಾಲ್ಕು ಬೆರಳು ನಾವೇ. ಶಾಲೆ ಮಾಸ್ತರನಾದ ನಾನು, ಸರಕಾರಿ ಗುಮಾಸ್ತ ಜಗನ್ನಾಥ, ಬಸ್ ಏಜೆಂಟ್ ವಿಠಲ, ಕಂಪೌಂಡರ್ ಲಾರೆನ್ಸ್. ನನ್ನ ಗಾಡಿ ಮೂರು ಕೈ ದಾಟಿ ಬಂದದ್ದು, ಇಳಿಜಾರಿನಲ್ಲಿ ಮಾತ್ರ ಅದಕ್ಕೆ ನನ್ನ ಮೇಲೆ ಪ್ರೀತಿ. ತಿಂಗಳಿಗೊಂದು ಭಾನುವಾರ ನಾಲ್ವರೂ ಎಲ್ಲಿಗಾದರೂ ಹೊರಡುವುದು. ಆಗ ಫೋನಿಲ್ಲ, ದಾರಿ ತೋರಿಸುವ ಹಲಗೆಗಳೂ ಅಪರೂಪ. ಹಾಗಾಗಿ ನಮಗೊಂದು ಕಾನೂನಿತ್ತು: ಕವಲು ಬಂದಲ್ಲಿ ಎಲ್ಲರಿಗಿಂತ ಮುಂದಿದ್ದವನು ನಿಲ್ಲಬೇಕು, ಕಟ್ಟಕಡೆಯವನ ಮುಖ ಕಂಡ ಮೇಲೆಯೇ ಹೊರಡಬೇಕು. ಮಳೆ ಬರಲಿ, ಮರ ಬೀಳಲಿ.

ಆ ಸಲದ ಸವಾರಿಯ ಗುಟ್ಟು ಜಗನ್ನಾಥ ನನಗೊಬ್ಬನಿಗೇ ಹೇಳಿದ್ದ; ದಾರಿಯಲ್ಲಿ ಅವನ ತಂದೆಯ ಮನೆಗೆ ಹೋಗುವುದಿದೆ ಎಂದಷ್ಟೇ ಉಳಿದಿಬ್ಬರಿಗೆ ಗೊತ್ತು. ಅವನ ತಂದೆ ಮೂಡಬಿದ್ರೆಯ ಹತ್ತಿರ ತಮ್ಮ ತಾಯಿಯ ಕಡೆಯ ಮನೆಯಲ್ಲಿದ್ದರು. ಅವರದು ಅಳಿಯಸಂತಾನ, ತಂದೆಯ ಆಸ್ತಿ, ಯಜಮಾನಿಕೆ ಎಲ್ಲ ಸೋದರಳಿಯಂದಿರಿಗೆ. ಅದರ ಸಿಟ್ಟು ಒಳಗೆ ಎಷ್ಟು ದಿನದಿಂದ ಕುದಿಯುತ್ತಿತ್ತೋ, ತನ್ನ ತಾಯಿಯ ಮನೆಯಲ್ಲಿ ಅವಳ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟದ ಹೊತ್ತಿನಲ್ಲಿ ಜಗನ್ನಾಥ ಹತ್ತು ಜನರ ಎದುರು ತಂದೆಗೆ, "ನೀವು ಇಲ್ಲಿಗೆ ನೆಂಟರು ಮಾತ್ರ" ಎಂದುಬಿಟ್ಟಿದ್ದ. ಅವರು ಎಲೆ ಬಿಟ್ಟು ಎದ್ದು ಹೋದರು. ಆರು ವರ್ಷ ಮಾತಿಲ್ಲ. ಈಗ ಅವರಿಗೆ ಎದೆಯ ಕಾಯಿಲೆ, ಹೆಚ್ಚು ದಿನವಿಲ್ಲವೆಂಬ ಸುದ್ದಿ ಬಂದಿತ್ತು.

"ನಾವು ಹೀಗೇ ತಿರುಗ್ಲಿಕ್ಕೆ ಬಂದದ್ದು, ದಾರಿಯಲ್ಲಿ ಮನೆ ಸಿಕ್ಕಿತು. ಹಾಗೆ ಆಗಬೇಕು," ಎಂದ ಜಗನ್ನಾಥ. "ಸಿದ್ದಕಟ್ಟೆ ಮೇಲಿಂದ ನೆಟ್ಟಗೆ ಹೋದ್ರೆ ಬೇಕಂತಲೇ ಬಂದ ಹಾಗೆ ಕಾಣ್ತದೆ. ಗುರುವಾಯನಕೆರೆಗೆ ಹೋಗಿ ವೇಣೂರಿನಿಂದಾಗಿ ಸುತ್ತು ಹಾಕುವ."

ತಂದೆಯನ್ನು ನೋಡಲು ಮಗನಿಗೆ ನಾಲ್ಕು ಮೋಟಾರ್ ಸೈಕಲಿನ ನೆಪ ಬೇಕಿತ್ತು. ನನಗೆ ಆಗ ಅದು ತಮಾಷೆಯಾಗಿ ಕಂಡಿತು. ಆ ವಯಸ್ಸಿನಲ್ಲಿ ನನಗೆ ಯಾವುದು ತಮಾಷೆಯಾಗಿ ಕಾಣುತ್ತಿರಲಿಲ್ಲ ಹೇಳಿ.

ತುಳುವರ ಸೋಣ ತಿಂಗಳು, ಮಳೆಗಾಲ ಇಳಿಯುವ ಹೊತ್ತು. ಒಂದು ಗುಡ್ಡ ದಾಟಿದರೆ ಬಿಸಿಲು, ಇನ್ನೊಂದು ದಾಟಿದರೆ ಮಳೆ. ಮಡಂತ್ಯಾರು ಕಳೆಯುವಾಗ ನಾನು ಮುಂದಿದ್ದೆ, ಜಗನ್ನಾಥ ಎಲ್ಲರಿಗಿಂತ ಹಿಂದೆ. ಗುರುವಾಯನಕೆರೆಯ ಕವಲಿನಲ್ಲಿ ಕಾನೂನಿನ ಪ್ರಕಾರ ನಿಂತೆ. ವಿಠಲ, ಲಾರೆನ್ಸ್ ಇಬ್ಬರೂ ಕೈಬೀಸಿ ವೇಣೂರಿನ ದಾರಿ ಹಿಡಿದರು. ಅಷ್ಟರಲ್ಲಿ ಮಳೆ ಧೋ ಎಂದು ಹೊಡೆಯಿತು. ಕವಲಿನಲ್ಲೇ ಒಂದು ಹೋಟೆಲು, ಬಾಣಲೆಯಲ್ಲಿ ಗೋಳಿಬಜೆ. ಗಾಡಿಯ ಶಬ್ದ ಒಳಗೆ ಕೂತರೂ ಕೇಳುತ್ತದಲ್ಲ ಎಂದುಕೊಂಡು ಗಾಡಿಯನ್ನು ಹೋಟೆಲಿನ ಎದುರು ನಿಲ್ಲಿಸಿ ಒಳಗೆ ನುಗ್ಗಿದೆ. ಒಂದು ಪ್ಲೇಟಿನ ಮೇಲೆ ಇನ್ನೊಂದು ತಿಂದೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯಲ್ಲಿ ಏನೂ ಕೇಳುವುದಿಲ್ಲವೆಂದು ನನ್ನ ತಲೆಗೆ ಹೊಳೆಯುವಾಗ ಅರ್ಧ ಗಂಟೆ ಕಳೆದಿತ್ತು. ಜಗನ್ನಾಥ ದಾಟಿ ಹೋಗಿರಬೇಕೆಂದು ನಾನೂ ಹೊರಟೆ.

ಆ ಮನೆಯ ಅಂಗಳಕ್ಕೆ ನನ್ನ ಗಾಡಿ ಹೊಕ್ಕಾಗ ಚಾವಡಿಯ ಕುರ್ಚಿಯಲ್ಲಿದ್ದ ಮುದುಕರು ಎರಡೂ ಕೈ ಊರಿ ಏಳಲು ನೋಡಿದರು. ಮಗ ಹಿಂದೆ ಬರುತ್ತಿದ್ದಾನೆಂದು ವಿಠಲ ಮೊದಲೇ ಹೇಳಿದ್ದನಂತೆ. ಅದನ್ನು ಕೇಳಿ ಅವರು ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಬಂದು ಕೂತಿದ್ದರು. ನಾನು ಮಳೆಕೋಟಿನ ಟೊಪ್ಪಿ ತೆಗೆದೆ. ಅವರು ನನ್ನ ಮುಖ ನೋಡಿ ಮತ್ತೆ ಕೂತರು. ಆ ಕೂತದ್ದನ್ನು ನಾನು ಇಂದಿಗೂ ಮರೆತಿಲ್ಲ.

ಮೂರು ಗಂಟೆಯವರೆಗೆ ಕಾದೆವು. ಆಮೇಲೆ ಹುಡುಕಿಕೊಂಡು ವೇಣೂರಿನ ದಾರಿಯಲ್ಲೇ ಹಿಂದೆ ಹೊರಟೆವು. ಹೊರಡುವಾಗ ಮುದುಕರು ನನ್ನ ಒದ್ದೆ ತೋಳನ್ನು ಹಿಡಿದು, "ಅವನು ಒಬ್ಬನೇ ಬರಲಿ. ನೆಪ ಬೇಡ," ಎಂದು ತುಳುವಿನಲ್ಲಿ ಹೇಳಿದರು. ನಮ್ಮ ಮನೆಮಾತು ಕನ್ನಡ, ನನ್ನ ತುಳು ಇಂದಿಗೂ ಕುಂಟುತ್ತದೆ. ಆದರೆ ಅಷ್ಟು ಅರ್ಥವಾಗದಿರಲು ನಾನೇನು ಕಲ್ಲೇ?

ಸಂಜೆ ಬಂಟ್ವಾಳಕ್ಕೆ ಬಂದರೆ ಜಗನ್ನಾಥ ಮನೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ. ಕವಲಿನಲ್ಲಿ ಯಾರೂ ಕಾಣದೆ ಬೆಳ್ತಂಗಡಿಯ ಕಡೆಗೆ ಹೋಗಿಬಿಟ್ಟನಂತೆ. ಉಜಿರೆಯಲ್ಲಿ ವಿಚಾರಿಸಿ ಹಿಂದೆ ಬಂದು, ನಾರಾವಿ, ಕಾರ್ಕಳ ಸುತ್ತಿ, ನಾವು ವೇಣೂರಿನ ಕಡೆ ಹೊರಟ ಮೇಲೆ ಕಾರ್ಕಳದ ಕಡೆಯಿಂದ ಆ ಮನೆಯ ಬೇಲಿಯ ದಣಪೆಯವರೆಗೆ ಬಂದನಂತೆ.

"ಅಂಗಳದಲ್ಲಿ ನಿಮ್ಮ ಗಾಡಿ ಒಂದೂ ಇರಲಿಲ್ಲ. ಸುಮ್ಮನೆ ಒಳಗೆ ಹೋಗುವುದು ಹೇಗೆ? ಬಂದುಬಿಟ್ಟೆ."

"ನಾನು ಕವಲಿನಲ್ಲೇ ನಿಂತಿದ್ದೆ ಮಾರಾಯ," ಎಂದೆ ನಾನು. "ಮಳೆಯಲ್ಲಿ ನಿನಗೆ ಕಾಣ್ಲಿಲ್ಲವೋ ಏನೋ."

ಅವನು ಒಂದು ಕ್ಷಣ ನನ್ನನ್ನು ನೋಡಿ, "ಇರಬಹುದು. ಮಳೆ ಹಾಗೆ ಉಂಟಲ್ಲ," ಎಂದ.

ಮುದುಕರ ಮಾತನ್ನು ಆಗಲೇ ಹೇಳಬಹುದಿತ್ತು. ಹೇಳಿದರೆ ಕವಲಿನ ಮಾತು ಮತ್ತೆ ಎದ್ದೀತೆಂಬ ಅಂಜಿಕೆ. ಸೋಮವಾರ ಹೇಳುವ ಎಂದುಕೊಂಡೆ, ಆಮೇಲೆ ಬುಧವಾರ ಎಂದುಕೊಂಡೆ. ಒಂಬತ್ತನೆಯ ದಿನ ಅವರು ತೀರಿಕೊಂಡ ಸುದ್ದಿ ಬಂತು. ನಾವು ನಾಲ್ವರೂ ಹೋದೆವು, ಸಿದ್ದಕಟ್ಟೆಯ ಮೇಲಿಂದ, ನೆಟ್ಟಗೆ. ಬೆಂಕಿ ಕೊಟ್ಟವನು ಸೋದರಳಿಯ. ಜಗನ್ನಾಥ ನೆಂಟರ ಸಾಲಿನಲ್ಲಿ ನಿಂತಿದ್ದ. ಇನ್ನು ಆ ಮಾತು ಹೇಳಿದರೆ ಅವನಿಗೆ ಶಿಕ್ಷೆ ಕೊಟ್ಟಂತೆ ಎಂದು ನುಂಗಿಕೊಂಡೆ. ನನ್ನ ಹೇಡಿತನಕ್ಕೆ ದಯೆಯ ಅಂಗಿ ತೊಡಿಸಿದೆ. ಗೋಳಿಬಜೆ ಬಿಟ್ಟದ್ದು ಅಂದಿನಿಂದ.

"ತಿನ್ನು, ತಣ್ಣಗಾಗ್ತದೆ," ಎಂದ ಜಗನ್ನಾಥ ಮೊನ್ನೆ.

ನನಗೆ ಏನಾಯಿತೋ, ಎಲ್ಲ ಹೇಳಿಬಿಟ್ಟೆ. ಹೋಟೆಲು, ತಗಡಿನ ಮಾಡು, ಎರಡು ಪ್ಲೇಟು. ಅವನು ಚಾ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೇಳಿದ.

"ಅದು ನನಗೆ ಅಂದೇ ಗೊತ್ತುಂಟು. ಹೋಟೆಲಿನ ಎದುರು ನಿನ್ನ ಗಾಡಿ ನೋಡಿದ್ದೆ."

"ಮತ್ತೆ ಬೆಳ್ತಂಗಡಿಗೆ ಯಾಕೆ ಹೋದದ್ದು?"

"ಹೆದರಿಕೆ ಆಯ್ತು ಮಾರಾಯ. ಅವರ ಎದುರು ಎಂತ ಹೇಳುವುದು? ನೀನು ಕವಲಿನಲ್ಲಿ ಇರಲಿಲ್ಲ, ನನಗೆ ಅದೇ ಸಾಕಾಯ್ತು."

ಇಷ್ಟು ವರ್ಷ ಹೊತ್ತದ್ದು ಇಳಿಯಬೇಕಿತ್ತು. ಇಳಿಯಲಿಲ್ಲ. ಇನ್ನೂ ಒಂದು ಉಳಿದಿತ್ತು.

"ನಿನ್ನ ಅಪ್ಪ ನಿನಗೆ ಒಂದು ಮಾತು ಹೇಳಿ ಕಳಿಸಿದ್ರು," ಎಂದೆ. ಹೇಳಿದೆ.

ಜಗನ್ನಾಥ ಚಾ ಲೋಟವನ್ನು ಬದಿಗೆ ಸರಿಸಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಅವರು ಹೇಳಿದ್ದು ತುಳುವಿನಲ್ಲಿ ಅಲ್ವಾ? ಹಾಗೇ ಹೇಳು."

"ಆಯೆ ಒರಿಯೆ ಬರಡ್. ನೆಪ ಬೊಡ್ಚಿ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಇನ್ನೊಮ್ಮೆ ಹೇಳು," ಎಂದ.

ನಾನು ಇನ್ನೊಮ್ಮೆ ಹೇಳಿದೆ.