ಬುರ್ರಿ ಬಾಯಿ ತೆರೆಯುವುದು ಒಂಬತ್ತು ಸಲ

ಬೆಳಗ್ಗೆ ಐದೂವರೆ. ಮೂಡಲಪಾಳ್ಯದ ಸರ್ಕಲ್ ದಾಟಿದ ಆಟೋದೊಳಗಿಂದ ಎಂಟು ವರ್ಷದ ಹುಡುಗಿಯೊಬ್ಬಳು "ಅಯ್ಯೋ, ನನ್ನ ರೆಕ್ಕೆ ಒದ್ದೆ ಆಗೋಯ್ತು" ಎಂದು ಗೋಳಾಡುತ್ತಿದ್ದಾಳೆ. ಪಕ್ಕದಲ್ಲಿ ಹಾಲಿನ ಕ್ರೇಟು ಕಟ್ಟಿಕೊಂಡು ಹೊರಟವರು ಗಾಡಿ ನಿಧಾನ ಮಾಡಿ ಒಳಗೆ ಬಗ್ಗಿ ನೋಡುತ್ತಾರೆ. ಒಳಗೆ ಹುಡುಗಿ ಇಲ್ಲ. ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡ ಐವತ್ತಾರು ವರ್ಷದ ಶಶಿಕಲಾ ಇದ್ದಾರೆ, ಮೂಲೆಯಲ್ಲಿ ಒತ್ತರಿಸಿಕೊಂಡು, ಅವರ ಬಗ್ಗೆ ಬರೆಯಲು ಬಂದ ನಾನಿದ್ದೇನೆ. ಮುಂದೆ ಆಟೋ ಓಡಿಸುತ್ತಿರುವವರು ಅವರ ಪತಿ ಸುಬ್ರಮಣಿ.

"ಬೆಳಗಿನ ಗಂಟಲು ಹೆಂಗಸಿಂದು ಸಾರ್," ಎನ್ನುತ್ತಾರೆ ಶಶಿಕಲಾ, ಈಗ ತಮ್ಮದೇ ಒಡಕು ದನಿಯಲ್ಲಿ. "ಅದರೊಳಗೆ ಮಲಗಿರೋ ಮಗೂನ ಎಬ್ಬಿಸ್ಬೇಕು. ಬೈದ್ರೆ ಏಳಲ್ಲ. ಮುದ್ದು ಮಾಡ್ಕೊಂಡು ಎಬ್ಬಿಸ್ಬೇಕು. ಒಂದು ಗಂಟೆ ಹಿಡಿಯುತ್ತೆ."

ರೆಕ್ಕೆ ಒದ್ದೆಯಾದ ಆ ಮಗುವಿನ ಹೆಸರು ಬುರ್ರಿ. ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ನಿಮಗೆ ಪರಿಚಯ ಮಾಡಿಕೊಡಬೇಕಿಲ್ಲ. ಸೋಫಾದ ಕೆಳಗೋ ಸಜ್ಜೆಯ ಮೇಲೋ ಒಂದಾದರೂ ಬಿದ್ದಿರುತ್ತದೆ. ಗೇಣುದ್ದದ ಪ್ಲಾಸ್ಟಿಕ್ ಗೊಂಬೆ, ಮೈಗೆ ಮಡಚಿಕೊಂಡ ಸ್ಪಂಜಿನ ರೆಕ್ಕೆ. ಅದನ್ನು ಒಂದು ಹಿಡಿಕೆಯ ಮೇಲೆ ನಿಲ್ಲಿಸಿ ದಾರ ಎಳೆದರೆ ರೆಕ್ಕೆ ಬಿಚ್ಚಿ, ಗಿರಗಿರ ತಿರುಗಿ, ಬುರ್ರನೆ ಎರಡನೇ ಮಹಡಿಯವರೆಗೂ ಹಾರುತ್ತದೆ. ಮೊದಲು ಬಂದದ್ದು ಗೊಂಬೆ. ಅಂಗಡಿಯಲ್ಲಿ ಕೇಳಿದರೂ ಸಿಗದಷ್ಟು ಅದು ಖರ್ಚಾದ ಮೇಲೆ, ಅದೇ ಗೊಂಬೆಯ ಕಾರ್ಟೂನ್ ಧಾರಾವಾಹಿಯೂ ಬಂತು. ಎಲ್ಲೋ ಹೊರದೇಶದಲ್ಲಿ ಬರೆದ ಚಿತ್ರಗಳು ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಟಿವಿಯಲ್ಲಿ ಕನ್ನಡ ಮಾತಾಡುತ್ತವೆ. ಬುರ್ರಿಯನ್ನು ಮಾತಾಡಿಸುವವರು ಈ ಶಶಿಕಲಾ. ಕೊನೆಯಲ್ಲಿ ಸರಸರ ಓಡುವ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕನ್ನಡದಲ್ಲಿ ದನಿ ಕೊಟ್ಟ ಯಾರ ಹೆಸರೂ ಇಲ್ಲ.

ಇವರ ರಸ್ತೆಯ ಮಕ್ಕಳಿಗೂ ಈ ವಿಷಯ ಗೊತ್ತಿಲ್ಲ. ಮಕ್ಕಳ ಪಾಲಿಗೆ ಬುರ್ರಿ ಬುರ್ರಿಯೇ ಆಗಿರಲಿ ಎಂದು ಶಶಿಕಲಾ ಯಾರಿಗೂ ಬಾಯಿ ಬಿಟ್ಟಿಲ್ಲ. ಈ ಬರಹ ನಿಮ್ಮ ಕೈಗೆ ಒಂದು ವಾರ ತಡವಾಗಿ ಬರುತ್ತಿರುವುದಕ್ಕೂ ಅವರೇ ಕಾರಣ. ಅಚ್ಚಾಗುವ ಮುಂಚೆ ಅವರು ಎದುರು ಮನೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ಅದು ಏನೆಂದು ಮುಂದೆ ತಿಳಿಯುತ್ತದೆ.

ಆರಕ್ಕೆ ಐದು ನಿಮಿಷವಿರುವಾಗ ಬಸವೇಶ್ವರನಗರದ ಒಂದು ಮನೆಯ ಮುಂದೆ ಆಟೋ ನಿಲ್ಲುತ್ತದೆ. ಕೆಳಗಿನ ಮನೆಯೇ ಡಬ್ಬಿಂಗ್ ಸ್ಟುಡಿಯೋ. ಹಿಂದಿನ ರಸ್ತೆಯಲ್ಲಿ ಮಾರ್ಬಲ್ ಕೊಯ್ಯುವ ಅಂಗಡಿಯಿದೆ. ಒಂಬತ್ತಕ್ಕೆ ಅದರ ಯಂತ್ರ ಶುರುವಾದರೆ ಮೈಕಿನ ಮುಂದೆ ಯಾವ ದೇವಕನ್ಯೆಯೂ ಮಾತಾಡುವಂತಿಲ್ಲ. ಆದ್ದರಿಂದ ಇಲ್ಲಿನ ಕೆಲಸವೆಲ್ಲ ಆರರಿಂದ ಒಂಬತ್ತರೊಳಗೆ. ಕೋಣೆಯೊಳಗೆ ಫ್ಯಾನು ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ, ಗಂಜಿ ಹಾಕಿದ ಸೀರೆಯೂ ಆಗದು. ಏಪ್ರಿಲ್ ಬೇರೆ. ಬಾಗಿಲು ಮುಚ್ಚಿದ ಹತ್ತು ನಿಮಿಷಕ್ಕೆ ಶಶಿಕಲಾ ಅವರ ಕುಪ್ಪಸದ ಬೆನ್ನು ತೊಯ್ದಿದೆ.

ಎದುರಿನ ಪರದೆಯ ಮೇಲೆ ಬುರ್ರಿ ದನಿಯಿಲ್ಲದೆ ಬಾಯಿ ಆಡಿಸುತ್ತಾಳೆ. ಶಶಿಕಲಾ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಎಣಿಸುತ್ತಾರೆ, ಜಪ ಮಾಡುವವರಂತೆ. ಗೊಂಬೆ ಎಷ್ಟು ಸಲ ಬಾಯಿ ತೆರೆಯುತ್ತದೋ ಅಷ್ಟೇ ತುಂಡು ಮಾತು. ತುಟಿ ಮುಚ್ಚುವ ಕಡೆ ಪ, ಬ, ಮ ಬರಲೇಬೇಕು. ಇಲ್ಲವಾದರೆ ಗಾಜಿನಾಚೆ ಕೂತಿರುವ ಸಿದ್ಧಾರ್ಥ ತಲೆ ಅಲ್ಲಾಡಿಸುತ್ತಾನೆ. ಇಪ್ಪತ್ತೊಂಬತ್ತರ ಈ ಹುಡುಗ ಸ್ಟುಡಿಯೋದ ಉಸ್ತುವಾರಿ. "ಲಿಪ್ ಕೂತಿಲ್ಲ ಮೇಡಂ, ಇನ್ನೊಂದು." ಒಂದು ಬೆಳಗಿಗೆ ನೂರೆಂಬತ್ತು ಮಾತು, ಒಂದೊಂದಕ್ಕೂ ಮೂರೋ ನಾಲ್ಕೋ ಟೇಕು. ಜೊತೆಗೆ ನಗು, ಸೀನು, ಬಿಕ್ಕಳಿಕೆ, ಓಡುವಾಗಿನ ಏದುಸಿರು. ಓಡುವುದನ್ನೂ ನಿಂತಲ್ಲೇ ಓಡಬೇಕು, ಚಪ್ಪಲಿ ಸದ್ದಾಗದ ಹಾಗೆ.

ಶಶಿಕಲಾ ಬಿನ್ನಿಪೇಟೆಯ ಹುಡುಗಿ. ತಂದೆ ಅಂಜಿನಯ್ಯ ಬಟ್ಟೆ ಗಿರಣಿಯಲ್ಲಿ ನೇಯ್ಗೆಯವರು. ಗಣೇಶನ ಹಬ್ಬಕ್ಕೆ ಕಾರ್ಮಿಕರು ಆಡಿದ ನಾಟಕವೊಂದರಲ್ಲಿ ತೊಟ್ಟಿಲ ಮಗು ಅಳಬೇಕಿತ್ತು. ಏಳು ವರ್ಷದ ಶಶಿಕಲಾ ಪರದೆಯ ಹಿಂದೆ ಕೂತು ಅತ್ತಳು. "ಜನ ಎದ್ದು ನಿಂತು ಮಗು ಎಲ್ಲಿ ಅಂತ ನೋಡಿದ್ರಂತೆ. ನಮ್ಮಪ್ಪ ಮಾತ್ರ, ಮನೇಲಿ ಅಳೋದು ಸಾಲ್ದು ಅಂತ ಇಲ್ಲೂ ಅಳ್ತೀಯಾ ಅಂದ್ರು." ಆಮೇಲೆ ಸಿನಿಮಾಗಳ ಎಷ್ಟೋ ತೊಟ್ಟಿಲುಗಳಲ್ಲಿ ಅವರೇ ಅತ್ತಿದ್ದಾರೆ. ಅಳು ಬೇಕಾದಾಗ ಕರೆಯುತ್ತಿದ್ದರು, ಬೇಡವಾದಾಗ ಮರೆಯುತ್ತಿದ್ದರು. ನಡುವೆ ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದರು. ಹತ್ತಿಯ ಧೂಳಿಗೆ ಕೆಮ್ಮು ಹತ್ತಿ, ದನಿ ಕಳೆದುಹೋಯಿತೆಂದೇ ಅಂದುಕೊಂಡಿದ್ದರು. ಕನ್ನಡಕ್ಕೆ ಕಾರ್ಟೂನ್ ಡಬ್ಬಿಂಗ್ ಕೆಲಸ ಬರತೊಡಗಿದಾಗ ಸುಬ್ರಮಣಿ ಅವರನ್ನು ಬಲವಂತವಾಗಿ ಆಟೋ ಹತ್ತಿಸಿಕೊಂಡು ಇಲ್ಲಿಗೆ ಕರೆತಂದರು.

"ಅವಳು ಬೆಳಗ್ಗೆ ಎದ್ದು ಮಗು ಥರ ಮಾತಾಡಿದ್ರೆ ನಂಗೆ ನಿದ್ದೆಗಣ್ಣಲ್ಲೂ ಖುಷಿ ಆಗೋದು ಸಾರ್," ಎನ್ನುತ್ತಾರೆ ಸುಬ್ರಮಣಿ. "ಮೂರು ತಿಂಗಳಿಂದ ಖುಷಿ ಇಲ್ಲ. ಮಾತಾಡ್ತಾಳೆ, ನಡುವೆ ನಿಲ್ಲಿಸ್ಬಿಡ್ತಾಳೆ."

ಆ ಮೂರು ತಿಂಗಳ ಕಥೆಗೆ ಬರೋಣ. ಧಾರಾವಾಹಿಯ ಪ್ರತಿ ಕಂತಿನಲ್ಲೂ ಒಂದು ದೃಶ್ಯ ತಪ್ಪದೆ ಬರುತ್ತದೆ. ಕಥೆಯ ಹುಡುಗಿ ಗೊಂಬೆಯನ್ನು ಕೆನ್ನೆಯ ಹತ್ತಿರ ತಂದು ಅದರ ಕಿವಿಯಲ್ಲಿ ತನ್ನ ಆಸೆಯನ್ನು ಪಿಸುಗುಡುತ್ತಾಳೆ. ಆಗ ಬುರ್ರಿ ಕಣ್ಣರಳಿಸಿ "ಕೇಳಿಸ್ತು ಬಿಡು, ಎಳಿ ದಾರ" ಎನ್ನುತ್ತಾಳೆ. ಮರುಕ್ಷಣ ಆಕಾಶ, ತಿರುಗುವ ರೆಕ್ಕೆ. ಈ ಮಾತನ್ನು ಶಶಿಕಲಾ ಒಂದೇ ಒಂದು ಬೆಳಗ್ಗೆ ಹೇಳಿದ್ದು. ಮೂರನೇ ಟೇಕು ಓಕೆ ಆಯಿತು. ಅದೇ ದನಿಯನ್ನು ಐವತ್ತೆರಡು ಕಂತಿಗೂ ಅಂಟಿಸಿದರು.

ಮಕ್ಕಳು ನೋಡಿದ್ದನ್ನು ಬಿಡುತ್ತವೆಯೇ? ಗೊಂಬೆಯನ್ನು ಕೆನ್ನೆಗೆ ಒತ್ತಿಕೊಂಡು, ಕಿವಿಯಲ್ಲಿ ಏನೋ ಹೇಳಿ, ಅಲ್ಲೇ ದಾರ ಎಳೆಯುತ್ತವೆ. ಮುಖದಿಂದ ದೂರ ಹಿಡಿಯಬೇಕೆಂದು ಡಬ್ಬದ ಮೇಲೆ ಬರೆದಿದೆಯಂತೆ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ನಾನಂತೂ ಓದಿರಲಿಲ್ಲ. ಉಲ್ಲಾಳದಲ್ಲಿರುವ ತಂಗಿಯ ಮಗಳಿಗೆ ಯುಗಾದಿಗೆಂದು ಬುರ್ರಿ ತಂದುಕೊಟ್ಟ ಮಾವ ನಾನೇ. ಈ ಮಾತು ಕೇಳುತ್ತಿದ್ದಂತೆ ಸ್ಟುಡಿಯೋದ ಹೊರಗೆ ಬಂದು ತಂಗಿಗೆ ಮೆಸೇಜ್ ಹಾಕುತ್ತೇನೆ: ಗೊಂಬೆ ಎತ್ತಿಡು, ಆಮೇಲೆ ಹೇಳ್ತೀನಿ. ಅವಳು ಅದನ್ನು ನೋಡಿದ ಗುರುತು ಬರುವವರೆಗೆ ನನಗೆ ಬೇರೇನೂ ತಲೆಗೆ ಹೋಗುವುದಿಲ್ಲ.

ಜನವರಿಯ ಒಂದು ಭಾನುವಾರ ಶಶಿಕಲಾ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎದುರು ಮನೆಯ ದಿವ್ಯ ಅವರ ಮಗಳು, ಏಳು ವರ್ಷದ ನಿಖಿತಾ, ಗೇಟಿನ ಹತ್ತಿರ ಬುರ್ರಿ ಹಿಡಿದು ನಿಂತಿದ್ದಳು. "ಕೇಳಿಸ್ತು ಬಿಡು, ಎಳಿ ದಾರ ಅಂತ ಅವಳೇ ಹೇಳ್ಕೊಂಡ್ಲು ಸಾರ್. ನನ್ನ ರಾಗಾನೇ. ನಾನು ಬಿಡು ಅನ್ನೋವಾಗ ಒಂಚೂರು ಎಳೀತೀನಿ, ಅದನ್ನೂ ಹಂಗೇ ಎಳೆದ್ಲು. ನಂಗೆ ನಗು ಬಂತು. ನಗ್ತಾ ಇದೀನಿ, ಕಿರುಚಿದ್ದು ಕೇಳಿಸ್ತು."

ಸ್ಪಂಜಿನ ರೆಕ್ಕೆಯ ಒಳಗೆ ಒಂದು ಪ್ಲಾಸ್ಟಿಕ್ ಕಡ್ಡಿ ಇರುತ್ತದೆ. ಅದು ಹುಬ್ಬಿನ ಕೆಳಗೆ ಕೊಯ್ದಿತ್ತು. ಮೂರು ಹೊಲಿಗೆ. ಅವರೆಕಾಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಅಮ್ಮ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಸುಬ್ರಮಣಿಯವರ ಆಟೋದಲ್ಲೇ.

"ದಾರಿ ಉದ್ದಕ್ಕೂ ದಿವ್ಯ ನನ್ನ ಕೈ ಹಿಡ್ಕೊಂಡು ಅಳ್ತಾ ಇದ್ಲು. ಎಳಿ ಅಂತ ಹೇಳಿದ್ದು ನಾನೇ ಕಣೇ ಅಂತ ಅವಳಿಗೆ ಹೇಗೆ ಹೇಳ್ಲಿ?"

ಹೇಳಲಿಲ್ಲ. ಅದರ ಬದಲು ಎಣಿಸಲು ಕೂತರು. ಹಳೆಯ ಮಾತಿಗೆ ಬುರ್ರಿ ಒಂಬತ್ತು ಸಲ ಬಾಯಿ ತೆರೆಯುತ್ತಾಳೆ, ಬೆರಳಿಗೆ ಮೂರು ಗೆಣ್ಣಿನಂತೆ ಸರಿಯಾಗಿ ಮೂರು ಬೆರಳು. ಹುಡುಗಿ ಪಿಸುಗುಟ್ಟುವ ಚಿತ್ರವನ್ನು ಯಾರೂ ಬದಲಿಸಲಾರರು. ಆದರೆ ಗೊಂಬೆ ಹಾರುವಾಗ ತೆರೆಯ ಮೇಲೆ ಹುಡುಗಿಯ ಕೈ ಕಾಣುವುದಿಲ್ಲ. ಆ ಒಂಬತ್ತರೊಳಗೆ ಕೈಯನ್ನು ಮುಖದಿಂದ ದೂರ ಒಯ್ಯುವ ಮಾತೊಂದು ಸಿಕ್ಕರೆ ಸಾಕು. "ಮೊದಲು ಕೈ ನೀಡಿ ದೂರ ಹಿಡಿ ನನ್ನ ಅಂತ ಹಾಕ್ದೆ. ನಾಲ್ಕನೇದಕ್ಕೆ ಬುರ್ರಿ ತುಟಿ ಮುಚ್ಚುತ್ತೆ. ದೂ ಅನ್ನೋಕೆ ತುಟಿ ಮುಚ್ಚಲ್ವಲ್ಲ. ಸಾರಿಗೆ ಒಗ್ಗರಣೆ ಹಾಕ್ತಾ, ಬಟ್ಟೆ ಒಣಗಾಕ್ತಾ ನಾಲ್ಕು ದಿನ ಎಣಿಸ್ದೆ." ಐದನೇ ದಿನ ಸಿಕ್ಕಿತು: ಕೈ ಚಾಚಿ, ಮೇಲೆ ಹಿಡಿ ನನ್ನ. ಒಂಬತ್ತಕ್ಕೆ ಒಂಬತ್ತು. ನಾಲ್ಕನೆಯದು ಮೇ.

ಈಗ ಬೇಸಿಗೆ ರಜೆಗೆ ಹೊಸ ಕಂತುಗಳು ಬರುತ್ತಿವೆ. ಸಂಗೀತ ಬದಲಾಗಿರುವುದರಿಂದ ಹಾರುವ ದೃಶ್ಯಕ್ಕೆ ಹೊಸದಾಗಿ ದನಿ ಕೊಡಬೇಕು. ಆ ಕೆಲಸ ಇರುವುದು ಇವತ್ತೇ. ಇಪ್ಪತ್ತಾರು ಕಂತಿಗೆ ಈ ಬೆಳಗಿನ ಒಂದು ಟೇಕು.

"ಮೇಡಂ ಹೇಳೋದು ಕರೆಕ್ಟೇ ಸಾರ್," ಎನ್ನುತ್ತಾನೆ ಸಿದ್ಧಾರ್ಥ, ನನ್ನ ಮುಖ ನೋಡದೆ. "ಆದ್ರೆ ಸ್ಕ್ರಿಪ್ಟಲ್ಲಿ ಒಂದು ಪದ ಬದಲಾದ್ರೂ ಚಾನೆಲ್‌ನೋರ ಮುಂಬೈ ಆಫೀಸ್ ಅಪ್ರೂವ್ ಮಾಡ್ಬೇಕು. ಮೂರು ಮೇಲ್ ಹಾಕಿದೀನಿ. ಹನ್ನೊಂದು ದಿನ ಆಯ್ತು, ರಿಪ್ಲೈ ಇಲ್ಲ."

ಎಂಟೂವರೆಗೆ ಆ ದೃಶ್ಯ ಪರದೆಗೆ ಬರುತ್ತದೆ. ಮೊದಲು ಸ್ಕ್ರಿಪ್ಟಿನಲ್ಲಿ ಇದ್ದ ಹಾಗೆ ಹೇಳಬೇಕು. ಶಶಿಕಲಾ ಹೇಳುತ್ತಾರೆ. ಸಿದ್ಧಾರ್ಥ ತಲೆ ಅಲ್ಲಾಡಿಸುತ್ತಾನೆ. ಮತ್ತೆ ಹೇಳುತ್ತಾರೆ. ಲಿಪ್ ಕೂರುತ್ತದೆ, ಮಗು ಬರುವುದಿಲ್ಲ. ಏಳನೇ ಟೇಕಿಗೆ ಅವನು ಮೆಲ್ಲಗೆ "ಮೇಡಂ, ಖುಷಿ ಇಲ್ಲ ಅದ್ರಲ್ಲಿ" ಎನ್ನುತ್ತಾನೆ. ಎಂಟನೆಯದನ್ನು ಹೇಗೋ ಓಕೆ ಮಾಡುತ್ತಾನೆ. ಆಮೇಲೆ, ಯಾರೂ ಕೇಳದಿದ್ದರೂ, ಶಶಿಕಲಾ ಬೆರಳು ಎತ್ತಿ ಇನ್ನೊಂದು ಎಂದು ಸನ್ನೆ ಮಾಡುತ್ತಾರೆ. "ಕೈ ಚಾಚಿ, ಮೇಲೆ ಹಿಡಿ ನನ್ನ." ಒಂದೇ ಟೇಕು. ನಾನೇ ಕೈ ಚಾಚಿಬಿಡುತ್ತಿದ್ದೆ. ಹಿಂದಿನ ರಸ್ತೆಯಲ್ಲಿ ಯಂತ್ರ ಕಿರ್ರೆನ್ನುವ ಹೊತ್ತಿಗೆ ಸಿದ್ಧಾರ್ಥ ಎರಡನ್ನೂ ಕಳಿಸುವುದಾಗಿ ಮಾತು ಕೊಟ್ಟಿರುತ್ತಾನೆ. ಯಾವುದು ಟಿವಿಗೆ ಹೋಗುತ್ತದೆಂಬುದು ಅವನ ಕೈಯಲ್ಲಿಲ್ಲ.

ಭಾನುವಾರ ಹತ್ತಕ್ಕೆ ನಾನು ಮೂಡಲಪಾಳ್ಯದ ಅವರ ಮನೆಯಲ್ಲಿದ್ದೇನೆ. ಶಶಿಕಲಾ ಟಿವಿ ಮುಂದೆ ಕೂರಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ. ಹತ್ತೂ ಇಪ್ಪತ್ತಕ್ಕೆ ಹುಡುಗಿ ಪಿಸುಗುಡುತ್ತಾಳೆ, ಬುರ್ರಿ ಕಣ್ಣರಳಿಸುತ್ತಾಳೆ. "ಕೇಳಿಸ್ತು ಬಿಡು, ಎಳಿ ದಾರ."

ಹಳೆಯದೇ. ಸುಬ್ರಮಣಿ ಟಿವಿ ಆರಿಸುತ್ತಾರೆ. ಸಿದ್ಧಾರ್ಥನ ಮೆಸೇಜ್ ಬರುತ್ತದೆ: ಮೊದಲ ನಾಲ್ಕು ಕಂತು ಹಳೇ ಮಾತಲ್ಲೇ ಚಾನೆಲ್‌ಗೆ ಹೋಗ್ಬಿಟ್ಟಿದೆ ಮೇಡಂ, ಮುಂದಿನದಕ್ಕೆ ಟ್ರೈ ಮಾಡ್ತಾ ಇದೀನಿ.

ಹತ್ತೂವರೆಗೆ ರಸ್ತೆಯಲ್ಲಿ ಗೇಟುಗಳು ಒಂದೊಂದಾಗಿ ಕಿರುಗುಟ್ಟುತ್ತವೆ. ಮಕ್ಕಳು ಈಗ ನೋಡಿದ್ದನ್ನು ಈಗಲೇ ಆಡಬೇಕು. ಶಶಿಕಲಾ ಹೊರಗೆ ಬಂದು ಕಾಂಪೌಂಡಿನ ದಾಸವಾಳ ಗಿಡದ ಹಿಂದೆ ನಿಲ್ಲುತ್ತಾರೆ, ಪಕ್ಕದಲ್ಲಿ ನಾನು. ಮೂರನೇ ಮನೆಯ ಕಿಟ್ಟಿ, ಆರು ವರ್ಷದವನು, ಗೊಂಬೆಯನ್ನು ಕೆನ್ನೆಗೆ ಒತ್ತಿ ಪಿಸುಗುಡುತ್ತಿದ್ದಾನೆ. ಎಡಗೈಯಲ್ಲಿ ದಾರದ ತುದಿ. ಅವನ ಹೆಸರು ಹಿಡಿದು ಕೂಗಲು ನಾನು ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ನನ್ನ ಪಕ್ಕದಿಂದಲೇ ಬುರ್ರಿಯ ದನಿ.

"ಕೈ ಚಾಚಿ, ಮೇಲೆ ಹಿಡಿ ನನ್ನ."

ಕಿಟ್ಟಿ ನಮ್ಮ ಕಡೆ ತಿರುಗುವುದಿಲ್ಲ. ಗೊಂಬೆಯ ಮುಖ ನೋಡುತ್ತಾನೆ. ನಿಧಾನವಾಗಿ ಕೈ ಚಾಚಿ, ಆದಷ್ಟು ಮೇಲೆ ಹಿಡಿದು, ದಾರ ಎಳೆಯುತ್ತಾನೆ. ಬುರ್ರಿ ಹಾರಿ ಎದುರು ಮನೆಯ ಸಜ್ಜೆಯ ಮೇಲೆ ಕೂರುತ್ತಾಳೆ. "ಬುರ್ರಿ ಮಾತಾಡ್ತು ಕಣೋ," ಎಂದು ಅವನು ಗೆಳೆಯರಿಗೆ ಹೇಳುತ್ತಾನೆ. ಅವರೂ ಕೈ ಚಾಚುತ್ತಾರೆ.

ಎದುರು ಗೇಟಿನಲ್ಲಿ ನಿಂತ ನಿಖಿತಾ ಮಾತ್ರ ಗೊಂಬೆಯನ್ನು ನೋಡುತ್ತಿಲ್ಲ, ದಾಸವಾಳದ ಗಿಡವನ್ನು ನೋಡುತ್ತಿದ್ದಾಳೆ. ಹುಬ್ಬಿನ ಕೆಳಗೆ ತೆಳು ಗೆರೆಯೊಂದು ಹೊಳೆಯುತ್ತದೆ. ರಸ್ತೆ ದಾಟಿ ಬಂದು ಶಶಿಕಲಾ ಅವರ ಸೆರಗು ಹಿಡಿದು ಬಗ್ಗಿಸುತ್ತಾಳೆ. ಅವರ ಕಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿ, ತಿರುಗಿ ನೋಡದೆ ಓಡುತ್ತಾಳೆ.

ಶಶಿಕಲಾ ಒಳಗೆ ಬಂದು ಕೂರುತ್ತಾರೆ. ನೀರು ಕುಡಿಯುತ್ತಾರೆ. ಕೇಳಬಾರದು ಎನ್ನಿಸಿದರೂ ಕೇಳುತ್ತೇನೆ.

"ಅವತ್ತು ಯಾಕೆ ಹೀಗೆ ಹೇಳ್ಲಿಲ್ಲ ಬುರ್ರಿ, ಅಂತ ಕೇಳಿದ್ಲು ಸಾರ್."

ಆಮೇಲೆ ಅವರು ಮುಖ ಒರೆಸಿಕೊಂಡು, ಇವತ್ತು ಸಂಜೆ ದಿವ್ಯಳ ಮನೆಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ, ಅಲ್ಲಿಯವರೆಗೆ ಅಚ್ಚು ಹಾಕಿಸಬೇಡಿ ಎನ್ನುತ್ತಾರೆ. ನಾನು ಒಪ್ಪಿ ಚಪ್ಪಲಿ ಮೆಟ್ಟುತ್ತೇನೆ. ಗೇಟಿನವರೆಗೆ ಬಂದವರು ಅಗುಳಿ ಹಿಡಿದು ನಿಲ್ಲುತ್ತಾರೆ.

"ನನ್ನ ಹೆಸರು ಬಿಟ್ರೂ ಪರವಾಗಿಲ್ಲ ಸಾರ್. ಆ ಒಂದು ಸಾಲು ಮಾತ್ರ ಬರೀರಿ. ಪಕ್ಕದ ರಸ್ತೆಗೆ ನನ್ನ ದನಿ ಕೇಳ್ಸಲ್ಲ."